ಗೊತ್ತಿಲ್ಲದವರ ಫೋಟೋ ತೆಗೆಯಬಹುದಾ? ಮಲೆನಾಡಿನ ಕ್ಯಾಮೆರಾದವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸುತ್ತ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತಿರುಗುವವರು ಈಗ ಜಾಸ್ತಿಯಾಗಿದ್ದಾರೆ. ಮೊಬೈಲ್ ಹಿಡಿದವರನ್ನೂ ಸೇರಿಸಿದರೆ ಎಲ್ಲರೂ ಫೋಟೋಗ್ರಾಫರ್‌ಗಳೇ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವಕೀಲನಲ್ಲ. ವಿಷಯ ಆಗಲೇ ಠಾಣೆ ಮೆಟ್ಟಿಲು ಹತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರನ್ನು ನೋಡಿ.

ರಸ್ತೆಯಲ್ಲಿ ಹೋಗುವವರ ಫೋಟೋ ತೆಗೆಯೋದು ಕಾನೂನು ಪ್ರಕಾರ ತಪ್ಪಾ?

ತಪ್ಪಲ್ಲ. ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ಹೂ ಕಟ್ಟುತ್ತಾ ಕೂತವರು, ಬಸ್‌ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸಿಗೆ ಕಾಯುವವರು, ಮಳೆಯಲ್ಲಿ ಕೊಡೆ ಹಿಡಿದು ನೆಹರೂ ರಸ್ತೆ ದಾಟುವವರು, ಇಂಥವರ ಫೋಟೋ ತೆಗೆಯಲು ಮೊದಲೇ ಒಪ್ಪಿಗೆ ಪಡೆಯಬೇಕು ಎನ್ನುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ.

ಹಾಗಂತ ಬೀದಿಗೆ ಬಂದವರೆಲ್ಲ ಕ್ಯಾಮೆರಾಕ್ಕೆ ಸಿಕ್ಕ ಸರಕು ಅಂತ ತಿಳಿಯಬೇಡಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಕೇಸು ಹಾಕಿದ್ದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಶುರುವಾಗಿದ್ದು ಆಧಾರ್ ವಿಚಾರಕ್ಕೆ. ಆದರೆ ಸಾರ್ವಜನಿಕ ಜಾಗದಲ್ಲಿ ನಿಂತ ಮಾತ್ರಕ್ಕೆ ಮನುಷ್ಯನ ಖಾಸಗಿತನ ಕಳೆದುಹೋಗುವುದಿಲ್ಲ ಎನ್ನುವ ಮಾತೂ ಆ ತೀರ್ಪಿನಲ್ಲಿದೆ. ಖಾಸಗಿತನ ಜಾಗಕ್ಕೆ ಅಂಟಿಕೊಂಡದ್ದಲ್ಲ, ಆಳಿಗೆ ಅಂಟಿಕೊಂಡದ್ದು.

ನನ್ನ ಲೆಕ್ಕದಲ್ಲಿ ಇದನ್ನೆಲ್ಲ ಎರಡಾಗಿ ನೋಡಿದರೆ ಗೊಂದಲ ಕಮ್ಮಿ. ತೆಗೆಯೋದು ಒಂದು, ಹಾಕೋದು ಇನ್ನೊಂದು. ನಮ್ಮ ಕಡೆ ಜಗಳ ಆಗೋದು ಬಹುಪಾಲು ಎರಡನೆಯದಕ್ಕೆ.

ಹಾಗಾದರೆ ಯಾವಾಗ ಅಪರಾಧ ಆಗುತ್ತದೆ?

2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 77ನೇ ಕಲಮು ನೋಡಿ. ಹೆಣ್ಣೊಬ್ಬಳು ಯಾರೂ ನೋಡುವುದಿಲ್ಲ ಎಂದು ನಂಬಿ ಬಟ್ಟೆ ಬದಲಿಸುವಾಗ, ಶೌಚಕ್ಕೆ ಕೂತಾಗ, ಇಂಥ ಖಾಸಗಿ ಹೊತ್ತಿನಲ್ಲಿ ಅವಳನ್ನು ಕದ್ದು ನೋಡಿದರೆ ಅಥವಾ ಫೋಟೋ ತೆಗೆದರೆ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಮತ್ತೆ ಮಾಡಿದರೆ ಮೂರರಿಂದ ಏಳು. ಫೋಟೋ ತೆಗೆಯಲು ಅವಳೇ ಒಪ್ಪಿದ್ದರೂ, ಬೇರೆಯವರಿಗೆ ಕಳಿಸಲು ಒಪ್ಪಿರದಿದ್ದರೆ ಕಳಿಸಿದ್ದು ಅಪರಾಧವೇ. 78ನೇ ಕಲಮು ಹಿಂಬಾಲಿಸುವುದರ ಬಗ್ಗೆ. 79 ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆ, ಕೆಲಸದ ಬಗ್ಗೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಇನ್ನೂ ಅಗಲ. ಅದಕ್ಕೆ ಗಂಡು ಹೆಣ್ಣು ಭೇದವಿಲ್ಲ. ಒಬ್ಬರ ಗುಪ್ತ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೆ, ಹಾಕಿದರೆ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಜಾಗ ಸಾರ್ವಜನಿಕವೋ ಖಾಸಗಿಯೋ ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಒಳಬಟ್ಟೆ ಹಾಕಿದ್ದರೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ಕಡೆಗೆ ಇದು ಯಾಕೆ ಮುಖ್ಯ ಅಂದರೆ, ನಮ್ಮದು ನದಿಯ ಊರು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ತುಂಗೆಗೆ ಮುಳುಗು ಹಾಕಲು ಜನ ಸೇರುತ್ತಾರೆ. ಕೂಡಲಿಯ ಸಂಗಮದಲ್ಲೂ ಸ್ನಾನ ನಡೆಯುತ್ತದೆ. ಬಂಡೆ ಮೇಲೆ ಇಬ್ಬರು ಸೀರೆ ಅಡ್ಡ ಹಿಡಿದು ನಿಂತಿರುತ್ತಾರೆ, ಮೂರನೆಯವರು ಹಿಂದೆ ಒದ್ದೆ ಬಟ್ಟೆ ಬದಲಿಸುತ್ತಿರುತ್ತಾರೆ. ಸಾವಿರ ಜನರ ನಡುವೆ ಇದ್ದರೂ ಆ ಸೀರೆ ಹಿಂದಿನದು ಕೋಣೆಯೇ. ನೀವು ಸೂರ್ಯೋದಯ ತೆಗೆಯುತ್ತಿದ್ದಿರಿ, ಅವರು ಫ್ರೇಮಿನೊಳಗೆ ಬಂದರು ಅಂತಿಟ್ಟುಕೊಳ್ಳಿ. ಆ ಫೋಟೋ ಅಳಿಸಿ. ಕ್ರಾಪ್ ಮಾಡಿ ಇಟ್ಟುಕೊಳ್ಳುತ್ತೇನೆ ಅಂತೆಲ್ಲ ಲೆಕ್ಕ ಹಾಕಬೇಡಿ.

ಮಾಮೂಲಿ ಬಟ್ಟೆಯಲ್ಲಿ ನಡೆದುಹೋಗುವ ಹುಡುಗಿಯ ಫೋಟೋ ತೆಗೆದರೂ 77 ಹಾಕುತ್ತಾರಾ?

ಬರೀ ಅಷ್ಟಕ್ಕೆ ಆ ಕಲಮು ನಿಲ್ಲುವುದು ಕಷ್ಟ. 2024ರಲ್ಲಿ ಕೇರಳ ಹೈಕೋರ್ಟ್ ಹೀಗೇ ಹೇಳಿತು. ಮನೆ ಮುಂದೆ ನಿಂತಿದ್ದ ಹೆಂಗಸಿನ ಫೋಟೋ ತೆಗೆದದ್ದು ಹಳೆಯ 354ಸಿ, ಅಂದರೆ ಈಗಿನ 77ರ ಕೆಳಗೆ ಬರುವುದಿಲ್ಲ ಎಂದಿತು. ಆದರೆ ಹಾವಭಾವದಿಂದ ಅವಮಾನ ಮಾಡಿದ ಆರೋಪ ಬೇರೆ, ಅದನ್ನು ಕೈಬಿಡಲಿಲ್ಲ. ಒಂದು ಬಾಗಿಲು ಮುಚ್ಚಿತೆಂದು ಎಲ್ಲ ಬಾಗಿಲೂ ಮುಚ್ಚಿದವು ಅಂತ ತಿಳಿಯಬೇಡಿ.

2025ರಲ್ಲಿ ಬೆಂಗಳೂರಿನ ಮೆಟ್ರೋದಲ್ಲಿ ಹೆಣ್ಣುಮಕ್ಕಳನ್ನು ಗೊತ್ತಿಲ್ಲದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಖಾತೆಯ ಸುದ್ದಿ ನೆನಪಿರಬಹುದು. ಕೇಸು ದಾಖಲಾಗಿ ಬಂಧನವೂ ಆಯಿತು. ಅದರಲ್ಲಿದ್ದವರೆಲ್ಲ ಮಾಮೂಲಿ ಬಟ್ಟೆಯಲ್ಲಿ, ಮಾಮೂಲಿಯಾಗಿ ಓಡಾಡುತ್ತಿದ್ದವರೇ. "ಸ್ಟ್ರೀಟ್ ಫೋಟೋಗ್ರಫಿ" ಅಂತ ಹಣೆಪಟ್ಟಿ ಅಂಟಿಸಿದ ಕೂಡಲೇ ಕೆಲಸ ಶುದ್ಧವಾಗುವುದಿಲ್ಲ. ನಿಮ್ಮ ಆಲ್ಬಂ ತೆರೆದು ನೋಡಿ. ಬೀದಿ ಎಲ್ಲೂ ಇಲ್ಲ, ಬರೀ ಇಪ್ಪತ್ತರ ಹರೆಯದ ಹುಡುಗಿಯರೇ ಇದ್ದಾರೆ ಅಂದರೆ ನೀವು ಮಾಡುತ್ತಿರುವುದು ಏನು ಅಂತ ನಿಮಗೇ ಗೊತ್ತಿರುತ್ತದೆ.

ಕೇಳಿ ತೆಗೆಯಬೇಕಾ, ತೆಗೆದು ಕೇಳಬೇಕಾ?

ಈ ಬಗ್ಗೆ ಫೋಟೋಗ್ರಾಫರ್‌ಗಳು ಕಾಫಿ ಆರುವ ತನಕ ಜಗಳ ಆಡುತ್ತಾರೆ. ಕೇಳಿದರೆ ಮುಖ ಬಿಗಿಯಾಗುತ್ತದೆ, ಸಹಜತೆ ಹೋಗುತ್ತದೆ ಎನ್ನುವುದು ಒಂದು ವಾದ. ಸುಳ್ಳಲ್ಲ. ಸಂತೆಯ ಉದ್ದಗಲ, ಮಳೆಯಲ್ಲಿ ಓಡುವ ಜನ, ಇಂಥದ್ದನ್ನು ಕೇಳಿ ತೆಗೆಯಲು ಆಗುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಬ್ಬರ ಮುಖವೇ ಚಿತ್ರದ ತುಂಬ ಬರುತ್ತದೆ ಎನ್ನುವಾಗ ಮಾತ್ರ ಕೇಳಿ. ಮೊದಲು ಕೇಳಿದರೆ ಒಳ್ಳೆಯದು. ಹೊತ್ತು ತಪ್ಪಿಹೋಗುತ್ತಿದ್ದರೆ ತೆಗೆದು, ಕೂಡಲೇ ಹತ್ತಿರ ಹೋಗಿ ತೋರಿಸಿ. ಓಡಿಹೋಗಬೇಡಿ.

ಕೇಳುವುದಕ್ಕೆ ಇಲ್ಲಿನದೇ ಒಂದು ರೀತಿ ಇದೆ. ಕ್ಯಾಮೆರಾ ಕೆಳಗಿಳಿಸಿ. ಸೊಪ್ಪು ಮಾರುವವರಾದರೆ ಮೊದಲು ಸೊಪ್ಪಿನ ರೇಟು ಕೇಳಿ, ಬೇಕಾದರೆ ಒಂದು ಕಟ್ಟು ಕೊಳ್ಳಿ. ಆಮೇಲೆ "ಅಜ್ಜಿ, ಒಂದು ಫೋಟೋ ತೆಗೀಲಾ?" ಅನ್ನಿ. ಬರುವ ಉತ್ತರ ನೂರಕ್ಕೆ ತೊಂಬತ್ತು ಸಲ ಒಂದೇ: "ನಂದೆಂಥ ಫೋಟೋ ಮಾರಾಯ!"

ಇದು ಹೌದೋ ಅಲ್ಲವೋ? ಹೊರಗಿನಿಂದ ಬಂದವರಿಗೆ ಇಲ್ಲೇ ತಲೆ ಕೆಡುತ್ತದೆ. ಕೈ ನೋಡಿ. ಮಾತು ಮುಗಿಯುವ ಮೊದಲೇ ಕೈ ಸೆರಗಿಗೆ ಹೋಗಿ ಹೆಗಲ ಮೇಲೆ ಸರಿಮಾಡಿಕೊಂಡರೆ, ಅಥವಾ ಹಣೆ ಮೇಲಿನ ಕೂದಲು ಹಿಂದೆ ತಳ್ಳಿಕೊಂಡರೆ ಹೌದು ಅಂತ. ಕೈ ಸೊಪ್ಪಿನ ಕಟ್ಟಿಗೆ ಹೋಗಿ ಇದ್ದ ಕಟ್ಟನ್ನೇ ಮತ್ತೆ ಜೋಡಿಸತೊಡಗಿ, ಮುಖ ಪಕ್ಕದ ಅಂಗಡಿಯ ಕಡೆ ತಿರುಗಿದರೆ ಬೇಡ ಅಂತ. ಎರಡನೇ ಸಲ ಕೇಳಬೇಡಿ. ನಮ್ಮ ಜನಕ್ಕೆ ಎದುರಿಗೆ "ಬೇಡ" ಅನ್ನುವುದು ಕಷ್ಟ. ಆ ಸಂಕೋಚವನ್ನು ಒಪ್ಪಿಗೆ ಅಂತ ಜೇಬಿಗೆ ಹಾಕಿಕೊಳ್ಳುವುದು ಸರಿಯಲ್ಲ.

ತೆಗೆದಾಗ ನಕ್ಕರು. ಅಂದರೆ ಸ್ಟೇಟಸ್‌ಗೆ ಹಾಕಬಹುದು ಅಲ್ವಾ?

ಅಲ್ಲ. ತೆಗೆಯಲು ಒಪ್ಪಿದ್ದು ಬೇರೆ, ಊರಿಗೆಲ್ಲ ತೋರಿಸಲು ಒಪ್ಪಿದ್ದು ಬೇರೆ. ಬೆಂಗಳೂರಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಅಲ್ಲಿ ಬೀದಿಯಲ್ಲಿ ಕಂಡವರು ನಿಜಕ್ಕೂ ಅಪರಿಚಿತರು. ಇಲ್ಲಿ ಅವರು ನಿಮಗೆ ಮಾತ್ರ ಅಪರಿಚಿತರು. ನಿಮ್ಮ ಗ್ರೂಪಿನಲ್ಲಿ ಇರುವವರಲ್ಲಿ ಒಬ್ಬರಾದರೂ "ಇದು ನಮ್ಮ ಹೊಸನಗರದ ಇಂಥವರ ಮಗಳಲ್ವಾ" ಅಂತ ಕೇಳೇ ಕೇಳುತ್ತಾರೆ. ಯಾವ ಊರು, ಯಾರ ಪೈಕಿ ಅಂತ ವಿಚಾರಿಸದೆ ನಮ್ಮಲ್ಲಿ ಮಾತೇ ಮುಂದೆ ಹೋಗುವುದಿಲ್ಲ!

ಗೋಪಿ ಸರ್ಕಲ್ ಹತ್ತಿರ ಐಸ್‌ಕ್ರೀಂ ತಿನ್ನುತ್ತಿರುವ ಇಬ್ಬರ ಒಳ್ಳೆ ಫೋಟೋ ಸಿಕ್ಕಿತು ಅನ್ನಿ. ಬೆಳಕು ಚೆನ್ನಾಗಿದೆ, ನಗು ಚೆನ್ನಾಗಿದೆ. ನಿಮಗೆ ಅದು ಚಿತ್ರ. ಅವಳ ಮನೆಯಲ್ಲಿ ಅದು ಸಾಕ್ಷಿ. ಹುಡುಗ ಯಾರು, ಕಾಲೇಜಿಗೆ ಅಂತ ಹೇಳಿ ಎಲ್ಲಿಗೆ ಹೋದೆ, ಯಾವ ಜಾತಿ, ಎಲ್ಲ ಶುರುವಾಗುತ್ತದೆ. ಅವಳು ಬಸ್ಸಿಳಿಯುವ ಮೊದಲೇ ಫೋಟೋ ಮನೆ ಮುಟ್ಟಿರುತ್ತದೆ. ಮದುವೆ ಮಾತುಕತೆ ಮುರಿಯಲು, ಓದು ನಿಲ್ಲಿಸಲು ನಮ್ಮ ಕಡೆ ಅಷ್ಟು ಸಾಕು. ಕಾನೂನು ಪುಸ್ತಕ ಹುಡುಕಿದರೆ ನೀವು ಯಾವ ಕಲಮನ್ನೂ ಮುರಿದಿರಲಿಕ್ಕಿಲ್ಲ.

ಬಾರ್ ಮುಂದೆ ನಿಂತವರು, ಅಡವಿನ ಅಂಗಡಿಗೆ ಬಂದವರು, ಆಸ್ಪತ್ರೆ ಹೊರಗೆ ಅಳುತ್ತಾ ಕೂತವರು, ಪ್ರತಿಭಟನೆಯಲ್ಲಿ ಎರಡನೇ ಸಾಲಿನಲ್ಲಿ ಮುಖ ತಗ್ಗಿಸಿ ಕೂತ ಸರ್ಕಾರಿ ನೌಕರ, ಇವರ ವಿಷಯವೂ ಇದೇ. ನಾನು ಹಾಕುವ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಇವರ ಅತ್ತೆ, ಮಾವ, ಸಾಹೇಬರು, ಸಾಲ ಕೊಟ್ಟವರು ನೋಡಿದರೆ ಏನಾಗುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ಮುಖ ಕಾಣದ ಫೋಟೋ ಹಾಕುತ್ತೇನೆ. ಜಾಗದ ಹೆಸರನ್ನೂ ಟ್ಯಾಗ್ ಮಾಡುವುದಿಲ್ಲ.

ಅಡಿಕೆ ಸುಲಿಯುವುದನ್ನು, ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಮರ ಹತ್ತುವುದನ್ನು ತೆಗೆಯಲು ಯಾರನ್ನು ಕೇಳಬೇಕು?

ತೋಟ, ಅಂಗಳ, ಚಪ್ಪರ ಎಲ್ಲ ಖಾಸಗಿ ಜಾಗ. ಯಜಮಾನರನ್ನು ಕೇಳಲೇಬೇಕು. ರಸ್ತೆಯಿಂದ ಕಾಣುತ್ತದೆ ಅಂತ ದಣಪೆ (ಬೇಲಿಯ ಗೇಟು) ದಾಟಿ ಒಳಗೆ ಹೋದರೆ ನಾಯಿಯಂತೂ ಕಾನೂನು ಕೇಳುವುದಿಲ್ಲ.

ಆದರೆ ಯಜಮಾನರ ಒಪ್ಪಿಗೆ ಕೆಲಸದವರ ಒಪ್ಪಿಗೆಯಲ್ಲ. "ತೆಗೀರಿ ತೆಗೀರಿ, ಅವರೇನೂ ಅನ್ನಲ್ಲ" ಅಂತ ಜಗಲಿ ಮೇಲಿಂದ ಹೇಳುವುದು ಸುಲಭ. ಸುಲಿಯುವ ಹೆಂಗಸರು ರಾತ್ರಿ ದೀಪದ ಕೆಳಗೆ ಕತ್ತಿ ಮುಂದೆ ಕೂತಿರುತ್ತಾರೆ, ಎಷ್ಟು ಸುಲಿದರು ಎನ್ನುವುದರ ಮೇಲೆ ಕೂಲಿ. ಎಡಗೈಯಲ್ಲಿ ಕಾಯಿ, ಬಲಕ್ಕೆ ತುಂಬುತ್ತಿರುವ ಡಬ್ಬ, ಚೊಗರು ಹತ್ತಿ ಕಪ್ಪಾದ ಬೆರಳು. ನೀವು "ಅಕ್ಕ, ಸ್ವಲ್ಪ ಈ ಕಡೆ ನೋಡಿ, ಇನ್ನೊಂದ್ಸಲ" ಅಂದಷ್ಟು ಹೊತ್ತು ಅವರ ಡಬ್ಬ ನಿಂತಿರುತ್ತದೆ. ಫ್ಲ್ಯಾಶ್ ಹೊಡೆದರೆ ಕಣ್ಣು ಕತ್ತಲಾಗಿ ಬೆರಳು ಕತ್ತಿಗೆ ಸಿಗುತ್ತದೆ. ಪಕ್ಕದಲ್ಲಿ ಕೂತು, ಅವರು ನಿಮ್ಮನ್ನು ಮರೆಯುವ ತನಕ ಕಾಯಿರಿ. ಕೊನೆಗಾರ ಮರದಿಂದ ಮರಕ್ಕೆ ದಾಟುವಾಗ ಕೆಳಗಿನಿಂದ ಕೂಗಿ ಕರೆಯುವುದಂತೂ ಬೇಡವೇ ಬೇಡ.

ಹೋಂಸ್ಟೇಗೆ ಬಂದ ಅತಿಥಿಗಳು ಕೆಲಸದವರ ರೀಲ್ಸ್ ಮಾಡುತ್ತಾರೆ. ಏನು ಮಾಡೋದು?

ಜಾಗ ನಿಮ್ಮದು, ನಿಯಮವೂ ನಿಮ್ಮದೇ. ಬಾಗಿಲಲ್ಲಿ ಒಂದು ಬೋರ್ಡ್ ಹಾಕಿ: ಕೆಲಸದವರನ್ನು ಕೇಳದೆ ಫೋಟೋ, ವಿಡಿಯೋ ಬೇಡ. ಕೆಲಸದವರ ಬಾಯಲ್ಲೇ ಬೇಡ ಅನ್ನಿಸಬೇಡಿ, ಅವರು ಅನ್ನುವುದಿಲ್ಲ.

ಜಾತ್ರೆ, ಮೆರವಣಿಗೆಯಲ್ಲಿ ಮುಕ್ತವಾಗಿ ತೆಗೆಯಬಹುದಲ್ಲ?

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಇಲ್ಲಿಗೆ ಬಂದವರಿಗೆ ಕ್ಯಾಮೆರಾ ಇರುತ್ತದೆ ಅಂತ ಗೊತ್ತು. ಜನಜಂಗುಳಿ, ತೇರು, ಬಳೆ ಅಂಗಡಿ, ತೊಟ್ಟಿಲು, ಎಲ್ಲ ತೆಗೆಯಿರಿ. ಗರ್ಭಗುಡಿಯ ಒಳಗೆ ಬೇಡ ಅಂತ ಅರ್ಚಕರು ಅಂದರೆ ಅಲ್ಲಿಗೆ ಮುಗಿಯಿತು. ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಟ್ರೈಪಾಡ್ ಇಡಲು ಬೇರೆಯೇ ಅನುಮತಿ ಬೇಕು.

ಒಂದು ಕಡೆ ಮಾತ್ರ ನಾನು ಕ್ಯಾಮೆರಾ ಇಳಿಸುತ್ತೇನೆ. ಮೈಮೇಲೆ ದೇವರು ಬಂದಾಗ. ಕೂದಲು ಬಿಚ್ಚಿದೆ, ಸೆರಗು ಜಾರಿದೆ, ಅವರಿಗೆ ತಮ್ಮ ಮೇಲೆ ನಿಗಾ ಇಲ್ಲ. ಭಕ್ತರಿಗೆ ಅದು ದೇವರು, ವಿಡಿಯೋ ನೋಡಿ ನಗುವವರಿಗೆ ತಮಾಷೆ. ಎರಡು ದಿನ ಬಿಟ್ಟು ಆ ಹೆಂಗಸು ಅಂಗನವಾಡಿಗೆ ಕೆಲಸಕ್ಕೆ ಹೋಗಬೇಕು, ಅಲ್ಲಿ ಮಕ್ಕಳ ಅಪ್ಪಂದಿರ ಮೊಬೈಲಿನಲ್ಲಿ ಅದು ಓಡಾಡುತ್ತಿರುತ್ತದೆ. ಒಳ್ಳೆಯ ಚಿತ್ರ ಆಗುತ್ತಿತ್ತು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಬೇಡ ಅನ್ನಿಸುತ್ತದೆ. ಇದನ್ನು ಒಪ್ಪದ ಒಳ್ಳೆಯ ಫೋಟೋಗ್ರಾಫರ್‌ಗಳೂ ಇದ್ದಾರೆ.

ಗಣಪತಿ ಮೆರವಣಿಗೆ, ಈದ್ ಮೆರವಣಿಗೆಯ ಹೊತ್ತಿಗೆ ಶಿವಮೊಗ್ಗದ ಗಾಳಿ ಹೇಗಿರುತ್ತದೆ ಅಂತ ಊರಿನವರಿಗೆ ಹೇಳಬೇಕಾಗಿಲ್ಲ. ನಿಷೇಧಾಜ್ಞೆ ಇದ್ದರೆ ಅದರಲ್ಲಿ ಏನು ಬರೆದಿದೆ ಓದಿ. ನೂಕಾಟದ ಒಂದು ತುಣುಕನ್ನು ಹಿಂದು ಮುಂದು ಇಲ್ಲದೆ ಹಾಕಬೇಡಿ. ಹೋದ ವರ್ಷದ ವಿಡಿಯೋ ಈ ವರ್ಷದ್ದಾಗಿ ತಿರುಗುವುದು ಹಾಗೆಯೇ. ಫೋಟೋ ನಿಮ್ಮದಾದರೆ ಮೇಲೆ ದಿನಾಂಕ ಬರೆಯಿರಿ.

ಲಂಬಾಣಿ ಅಜ್ಜಿಯರ ಉಡುಗೆ, ಮತ್ತೂರಿನ ಸಂಸ್ಕೃತ ಮಾತು ಇವೆಲ್ಲ ತೆಗೆಯುವಂಥವೇ ಅಲ್ವಾ? ದುಡ್ಡು ಕೊಡಬೇಕಾ?

ಕಣ್ಣಿಗೆ ಚೆಂದ ಕಾಣುವವರಿಗೇ ಕ್ಯಾಮೆರಾ ಕಾಟ ಜಾಸ್ತಿ. ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಹೊರಟ ಲಂಬಾಣಿ ಅಜ್ಜಿ ಕನ್ನಡಿ ಹೊಲಿದ ಬಟ್ಟೆ ಹಾಕುವುದು ತನ್ನ ಹಬ್ಬಕ್ಕೆ. ಮತ್ತೂರಿನವರು ಬೆಳಿಗ್ಗೆ ತರಕಾರಿ ತರಲು ಹೊರಟಾಗ "ಸ್ವಲ್ಪ ಸಂಸ್ಕೃತದಲ್ಲಿ ಮಾತಾಡಿ" ಅಂತ ಮೊಬೈಲ್ ಮುಖಕ್ಕೆ ಹಿಡಿದರೆ ಅವರಿಗೆ ಹೇಗಾಗಬೇಡ? ನಿಮ್ಮ ಮನೆ ಗೇಟಿನಲ್ಲಿ ನಿಂತು ಯಾರಾದರೂ ಕನ್ನಡ ಮಾತಾಡಿ ತೋರಿಸಿ ಅಂದರೆ ಒಪ್ಪುತ್ತೀರಾ?

ದುಡ್ಡಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ. ಅವರು ನಿಮಗಾಗಿ ಹೊತ್ತು ಕೊಟ್ಟು ನಿಂತರೆ, ನೀವು ಆ ಫೋಟೋದಿಂದ ದುಡಿಯುತ್ತೀರಾದರೆ, ಕೊಡಿ. ಹತ್ತು ರೂಪಾಯಿ ಚಿಲ್ಲರೆ ಎಸೆಯುವುದಲ್ಲ, ಕೂಲಿ ಅಂತ ಕೊಡಿ. ಮಕ್ಕಳ ಕೈಗೆ ಮಾತ್ರ ಬೇಡ, ನಾಳೆ ಶಾಲೆ ಬಿಟ್ಟು ಜೋಗದ ಪಾರ್ಕಿಂಗಿನಲ್ಲಿ ನಿಲ್ಲುತ್ತಾರೆ. ಪ್ರಿಂಟ್ ಹಾಕಿಸಿ ಕಳಿಸುತ್ತೇನೆ ಅಂದಿದ್ದರೆ ಕಳಿಸಿ. ಆ ಮಾತು ಉಳಿಸಿಕೊಳ್ಳದವರಿಂದಾಗಿಯೇ ಎಷ್ಟೋ ಹಾಡಿಗಳಲ್ಲಿ ಕ್ಯಾಮೆರಾ ಕಂಡರೆ ಬಾಗಿಲು ಹಾಕುತ್ತಾರೆ.

ಮಕ್ಕಳ ಫೋಟೋ?

ಹೊಳೆಯಲ್ಲಿ ಈಜುವ ಹುಡುಗರು, ಮಳೆಯಲ್ಲಿ ಶಾಲೆಯಿಂದ ಓಡಿಬರುವ ಮಕ್ಕಳು, ಯಾರಿಗೆ ತೆಗೆಯಬೇಕು ಅನ್ನಿಸುವುದಿಲ್ಲ? ಅಪ್ಪ ಅಮ್ಮ ಹತ್ತಿರ ಇದ್ದರೆ ಅವರನ್ನು ಕೇಳಿ. ಶಾಲೆಯ ಆವರಣದೊಳಗೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು. ಬಟ್ಟೆಯಿಲ್ಲದ ಮಗುವಿನ ಫೋಟೋ, ಎಷ್ಟೇ ಮುಗ್ಧವಾಗಿರಲಿ, ಆನ್‌ಲೈನ್‌ಗೆ ಹೋಗಬಾರದು. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಪ್ರಕರಣದ ಮಗು, ಬಾಲಮಂದಿರದ ಮಗು, ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಗು, ಇವರ ಮುಖ, ಹೆಸರು, ಶಾಲೆ, ಮನೆ ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. 2012ರ ಪೋಕ್ಸೋ ಕಾಯ್ದೆ, 2015ರ ಬಾಲನ್ಯಾಯ ಕಾಯ್ದೆ ಎರಡರಲ್ಲೂ ಶಿಕ್ಷೆ ಇದೆ.

ಪೊಲೀಸರನ್ನು ತೆಗೆಯಬಹುದಾ? ಅಣೆಕಟ್ಟು?

ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ತೆಗೆಯಬಾರದು ಎನ್ನುವ ಕಾನೂನು ಇಲ್ಲ, ಅವರ ಕೆಲಸಕ್ಕೆ ಅಡ್ಡ ಬರಬಾರದು ಅಷ್ಟೇ. ಪೊಲೀಸ್ ಠಾಣೆ ಸರ್ಕಾರಿ ರಹಸ್ಯ ಕಾಯ್ದೆಯ "ನಿಷೇಧಿತ ಸ್ಥಳ" ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿದೆ. ಅಣೆಕಟ್ಟು, ವಿದ್ಯುದಾಗಾರಗಳಲ್ಲಿ ಬೋರ್ಡ್ ನೋಡಿ, ಕಾವಲಿನವರು ಬೇಡ ಅಂದರೆ ವಾದ ಬೇಡ.

ಡ್ರೋನ್?

2021ರ ಡ್ರೋನ್ ನಿಯಮಗಳಿವೆ. ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣ ಇರುವುದರಿಂದ ಶಿವಮೊಗ್ಗ ಸುತ್ತ ಹಾರಿಸುವ ಮೊದಲು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಹಳ್ಳಿಯ ಮೇಲೆ ಹಾರಿಸುವಾಗ ಇನ್ನೊಂದು ನೆನಪಿರಲಿ: ಮಲೆನಾಡಿನ ಹಳೆ ಮನೆಗಳಲ್ಲಿ ಬಚ್ಚಲು ಹಿತ್ತಿಲ ಕಡೆಗಿರುತ್ತದೆ, ಕೆಲವು ಕಡೆ ಅದಕ್ಕೆ ಮೇಲೆ ಮರೆ ಇರಲಿಕ್ಕಿಲ್ಲ.

ಯಾರೋ ಬಂದು ಫೋಟೋ ಡಿಲೀಟ್ ಮಾಡು ಅಂತ ಕೂತರು. ಮಾಡಲೇಬೇಕಾ?

ಕಾನೂನು ಪ್ರಕಾರ ದಾರಿಹೋಕರು ನಿಮ್ಮ ಮೊಬೈಲ್ ಕಿತ್ತುಕೊಳ್ಳುವಂತಿಲ್ಲ, ಒತ್ತಾಯದಿಂದ ಅಳಿಸುವಂತೆಯೂ ಇಲ್ಲ. ಅಪರಾಧದ ಸಂಶಯ ಇದ್ದರೆ ಪೊಲೀಸರು ವಶಪಡಿಸಿಕೊಳ್ಳಬಹುದು, ಅದಕ್ಕೆ ಕ್ರಮ ಇದೆ. ಆದರೆ ಫೋಟೋದಲ್ಲಿ ಇರುವವರೇ ಬಂದು ಕೇಳಿದರೆ ನಾನಂತೂ ಅವರ ಎದುರೇ ಅಳಿಸುತ್ತೇನೆ. ಹಕ್ಕಿನ ಭಾಷಣ ಮಾಡಿ ಗೆದ್ದು ತರುವಂಥ ಫೋಟೋ ಅಪರೂಪ. ಅವರಲ್ಲದ ಮೂರನೆಯವರು, "ನಮ್ಮ ಊರಿನ ಹೆಣ್ಣುಮಕ್ಕಳು" ಅಂತ ಗುಂಪು ಕಟ್ಟಿಕೊಂಡು ಬಂದರೆ ಕಥೆ ಬೇರೆ. ಅಲ್ಲಿ ಮಾತು ಬೆಳೆಸಬೇಡಿ, 112ಕ್ಕೆ ಕರೆ ಮಾಡಿ.

ನಾನು ತೆಗೆದ ಫೋಟೋ ನನ್ನದೇ ತಾನೆ? ಮಾರಬಹುದಾ?

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ತೆಗೆದವರದ್ದು, ಪ್ರಕಟವಾದ ಮೇಲೆ 60 ವರ್ಷ ಉಳಿಯುತ್ತದೆ. ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ತೆಗೆಸಿದವರದ್ದು. ಪ್ರದರ್ಶನ, ಸ್ಪರ್ಧೆಗೆ ಕಳಿಸುವುದು ಸಾಮಾನ್ಯವಾಗಿ ತೊಂದರೆಯಿಲ್ಲ. ಮಸಾಲೆ ಪುಡಿ ಪೊಟ್ಟಣದ ಮೇಲೆ, ರೆಸಾರ್ಟಿನ ಜಾಹೀರಾತಿನಲ್ಲಿ ಒಬ್ಬರ ಮುಖ ಹಾಕಬೇಕಾದರೆ ಕನ್ನಡದಲ್ಲೇ ಬರೆದ, ಅವರಿಗೆ ಓದಿ ಹೇಳಿದ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ವಂತ, ಮನೆ ಮಟ್ಟಿನ ಬಳಕೆಯನ್ನು ಬಿಟ್ಟಿದೆ. ವ್ಯಾಪಾರಕ್ಕೆ ಆ ವಿನಾಯಿತಿ ಇಲ್ಲ.

ನನ್ನ ಫೋಟೋವನ್ನೇ ಯಾರೋ ಹಾಕಿದ್ದಾರೆ. ಏನು ಮಾಡಲಿ?

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಖಾತೆಯ ಹೆಸರು, ಲಿಂಕ್, ದಿನಾಂಕ ಕಾಣಬೇಕು. ಆಮೇಲೆ ಜಾಲತಾಣದಲ್ಲಿ ರಿಪೋರ್ಟ್ ಮಾಡಿ. ಎಷ್ಟೋ ಸಲ ಹಾಕಿದವರಿಗೇ ಒಂದು ಮೆಸೇಜ್ ಮಾಡಿದರೆ ತೆಗೆದುಬಿಡುತ್ತಾರೆ, ಇಲ್ಲಿನವರಾದರೆ ಅವರ ಮನೆಯವರ ಪರಿಚಯವೂ ಸಿಗುತ್ತದೆ. ನಗ್ನವೋ, ತಿರುಚಿದ್ದೋ ಆಗಿದ್ದರೆ ರಾಜಿ ಮಾತುಕತೆಗೆ ಹೋಗಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ, ಅಥವಾ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಅಷ್ಟು ದೂರ ಹೋಗಲು ಆಗದಿದ್ದರೆ ಹತ್ತಿರದ ಠಾಣೆ ಸಾಕು. ಘಟನೆ ನಮ್ಮ ವ್ಯಾಪ್ತಿಯದ್ದಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ಜೀರೋ ಎಫ್‌ಐಆರ್ ಮಾಡಿ ಮುಂದೆ ಕಳಿಸಬೇಕು. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿ ಇದೆ. ದುಡ್ಡು ಕೊಟ್ಟರೆ ತೆಗೆಯುತ್ತೇನೆ ಅಂದವರಿಗೆ ಒಂದು ಪೈಸೆ ಕೊಡಬೇಡಿ, ಅವರ ಮೆಸೇಜನ್ನೂ ಅಳಿಸಬೇಡಿ.